ಕಂಪ್ರೆಸರ್ ಓಡ್ತಿದೆ, ಆದರೆ ಫ್ರೀಜರ್ ತಣ್ಣಗಾಗ್ತಿಲ್ಲ. ಗ್ಯಾಸ್ ತುಂಬಿಸಲೇಬೇಕಾ?

ನಿಮ್ಮ ಪ್ರಶ್ನೆಯಿಂದ ನನಗೆ ಅರ್ಥವಾದದ್ದು ಇಷ್ಟು: ಮನೆ ಸುರತ್ಕಲ್ ಕಡೆ, ಸಮುದ್ರದ ಹತ್ತಿರ. ಆರು ವರ್ಷದ ಫ್ರಾಸ್ಟ್ ಫ್ರೀ (ಐಸನ್ನು ತಾನೇ ಕರಗಿಸಿಕೊಳ್ಳುವ) ಡಬಲ್ ಡೋರ್ ಫ್ರಿಜ್. ಮೊದಲು ಕೆಳಗಿಟ್ಟ ಹಾಲು ಒಡೆಯಿತು, ಕೆಲವು ದಿನದ ನಂತರ ಮೇಲೆ ಐಸ್‌ಕ್ರೀಮ್ ಮೆತ್ತಗಾಯಿತು. ಮೆಕ್ಯಾನಿಕ್ ಬಂದು ಬಾಗಿಲು ತೆಗೆದು ನೋಡಿ "ಗ್ಯಾಸ್ ಖಾಲಿ" ಅಂದರು.

ಈಗಲೇ ತುಂಬಿಸಬೇಡಿ ಮಾರಾಯ್ರೇ. ಫ್ರಿಜ್‌ನ ಗ್ಯಾಸ್ ಬೈಕಿನ ಪೆಟ್ರೋಲ್ ಹಾಗೆ ಓಡಿ ಓಡಿ ಮುಗಿಯುವಂಥದ್ದಲ್ಲ. ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಲೀಕ್ ಇದೆ ಅಂತ ಅರ್ಥ. ನಾನು ಕಂಕನಾಡಿಯಲ್ಲಿ ಒಂದು ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಾಗ "ಗ್ಯಾಸ್ ಹೋಗಿದೆ" ಅಂತ ಬಂದ ಎಷ್ಟೋ ಫ್ರಿಜ್‌ಗಳಲ್ಲಿ ಗ್ಯಾಸ್ ಸರಿಯಾಗೇ ಇರುತ್ತಿತ್ತು.

ಸಣ್ಣಪುಟ್ಟದ್ದು ಮೊದಲು ಮುಗಿಸಿ. ಬಾಗಿಲಿನ ರಬ್ಬರಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಎಳೆಯಿರಿ, ಸಲೀಸಾಗಿ ಬಂದರೆ ಅಲ್ಲಿ ಗಾಳಿ ನುಗ್ಗುತ್ತಿದೆ. ಸಂಜೆ ಹೊತ್ತು ವೋಲ್ಟೇಜ್ ಎಷ್ಟಿದೆ ನೋಡಿ. ಕಂಪ್ರೆಸರ್ "ಟಿಕ್" ಅಂತ ಶುರುವಾಗಿ ತಕ್ಷಣ ನಿಲ್ಲುತ್ತಿದ್ದರೆ ಸಾಮಾನ್ಯವಾಗಿ ರಿಲೇ (ಕಂಪ್ರೆಸರ್ ಶುರು ಮಾಡಿಸುವ ಸ್ವಿಚ್) ಅಥವಾ ಲೋ ವೋಲ್ಟೇಜ್. ನಿಮ್ಮದು ಓಡ್ತಾನೇ ಇದೆ, ಹಾಗಾಗಿ ಅದಲ್ಲ.

ಕೆಳಗೆ ಮೊದಲು ಕೆಟ್ಟು, ಮೇಲೆ ಆಮೇಲೆ ಕೆಟ್ಟಿದೆ ಅಂದಿದ್ದೀರಲ್ಲ, ನನಗೆ ಅನುಮಾನ ಬಂದದ್ದು ಅಲ್ಲೇ. ಫ್ರಾಸ್ಟ್ ಫ್ರೀಯಲ್ಲಿ ಸಾಮಾನ್ಯವಾಗಿ ತಂಪು ಹುಟ್ಟುವ ಕಾಯಿಲ್ ಒಂದೇ, ಫ್ರೀಜರ್‌ನ ಹಿಂದಿನ ಪ್ಲಾಸ್ಟಿಕ್ ಪ್ಯಾನೆಲ್ ಒಳಗೆ. ಒಂದು ಫ್ಯಾನ್ ಆ ತಂಪನ್ನು ಮೇಲೆ ಕೆಳಗೆ ಹಂಚುತ್ತದೆ. ಕಾಯಿಲ್ ಮೇಲೆ ಕೂರುವ ಐಸನ್ನು ಆಗಾಗ ಕರಗಿಸಲು ಒಂದು ಹೀಟರ್ ಇರುತ್ತದೆ. ಹೀಟರ್, ಅದರ ಸೆನ್ಸರ್ ಅಥವಾ ಫ್ಯೂಸ್ ಸತ್ತರೆ ಐಸ್ ಬೆಳೆಯುತ್ತಾ ಹೋಗಿ ಗಾಳಿಯ ದಾರಿ ಮುಚ್ಚುತ್ತದೆ. ಆಗ ಮೊದಲು ತಂಪು ತಪ್ಪುವುದು ಕೆಳಗಿನ ಖಾನೆಗೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಬಾಗಿಲು ತೆಗೆದಾಗಲೆಲ್ಲ ತೇವ ಒಳಗೆ ಹೋಗುವುದರಿಂದ ಇದು ಬೇಗ ಆಗುತ್ತದೆ.

ಮೆಕ್ಯಾನಿಕ್‌ಗೆ ಹೇಳಿ: ಪ್ಲಗ್ ತೆಗೆದು ಆ ಪ್ಯಾನೆಲ್ ಬಿಚ್ಚಿ ತೋರಿಸಿ ಅಂತ. ಕಾಯಿಲ್ ಕಾಣದಷ್ಟು ದಪ್ಪ ಬಿಳಿ ಗಡ್ಡೆ ಇದ್ದರೆ ಗ್ಯಾಸ್ ಇದೆ, ಕೆಟ್ಟದ್ದು ಹೀಟರ್ ಲೈನ್. ಕಾಯಿಲಿನ ಶುರುವಿನಲ್ಲಿ ಒಂದೆರಡು ಸುತ್ತಿಗೆ ಮಾತ್ರ ಹಿಮ ಹಿಡಿದು, ಉಳಿದದ್ದೆಲ್ಲ ಒಣಗಿದ್ದರೆ ಆಗ ಗ್ಯಾಸ್ ಕಮ್ಮಿ ಅನ್ನುವ ಮಾತು ಒಪ್ಪಬಹುದು. ತೆಳುವಾಗಿ ಎಲ್ಲ ಕಡೆ ಸಮನಾಗಿ ಹಿಮ ಇದ್ದು ಫ್ಯಾನ್ ತಿರುಗದಿದ್ದರೆ ಫ್ಯಾನ್ ಮೋಟರ್ ನೋಡಿ. ಬಾಗಿಲು ತೆಗೆದಾಗ ಫ್ಯಾನ್ ತಾನಾಗೇ ನಿಲ್ಲುವ ಮಾಡೆಲ್ ಇವೆ, ಹಾಗಾಗಿ ಪ್ಯಾನೆಲ್ ಮುಚ್ಚಿ ಪ್ಲಗ್ ಹಾಕಿದ ಮೇಲೆ ಬಾಗಿಲ ಸ್ವಿಚ್ ಬೆರಳಲ್ಲಿ ಒತ್ತಿ ಹಿಡಿದು ಫ್ಯಾನಿನ ಸದ್ದು ಬರುತ್ತಾ ಕೇಳಿ.

ಪ್ಯಾನೆಲ್ ಬಿಚ್ಚಲು ಇಷ್ಟ ಇಲ್ಲದಿದ್ದರೆ ಇನ್ನೊಂದು ದಾರಿ. ಎಲ್ಲ ಖಾಲಿ ಮಾಡಿ, ಪ್ಲಗ್ ತೆಗೆದು, ಎರಡೂ ಬಾಗಿಲು ತೆರೆದು ಒಂದು ಪೂರ್ತಿ ದಿನ ಬಿಡಿ. ಕೆಳಗೆ ಹಳೆ ಬಟ್ಟೆ ಹಾಸಿ, ನೀರು ಹರಿಯುತ್ತದೆ. ಮತ್ತೆ ಹಾಕಿದಾಗ ಚೆನ್ನಾಗಿ ತಣ್ಣಗಾಗಿ, ಒಂದೆರಡು ವಾರದಲ್ಲಿ ಅದೇ ಕಥೆ ಶುರುವಾದರೆ ಹೀಟರ್ ಲೈನೇ. ಅವಸರಕ್ಕೆ ಚಾಕುವಿನಿಂದ ಮಾತ್ರ ಕೆರೆಯಬೇಡಿ. ಕಾಯಿಲ್ ಅಲ್ಯೂಮಿನಿಯಂ, ಸುಲಭವಾಗಿ ತೂತಾಗುತ್ತದೆ. ಆಮೇಲೆ ನಿಜವಾಗಿಯೂ ಗ್ಯಾಸ್ ಖಾಲಿ!

ಗ್ಯಾಸೇ ಹೋಗಿದೆ ಅಂತ ಖಾತ್ರಿಯಾದರೆ ಲೀಕ್ ಎಲ್ಲಿ ಅಂತ ಮೊದಲು ಕೇಳಿ. ಉಪ್ಪುಗಾಳಿಗೆ ಹಿಂಭಾಗದ ಪೈಪಿನ ಜಾಯಿಂಟ್‌ಗಳು ತುಕ್ಕು ಹಿಡಿಯುತ್ತವೆ. ಲೀಕ್ ಇರುವಲ್ಲಿ ಸಾಮಾನ್ಯವಾಗಿ ಎಣ್ಣೆಯ ಕಲೆ ಕಾಣುತ್ತದೆ, ಟಾರ್ಚ್ ಹಾಕಿ ನೋಡಿ. ಅದನ್ನು ಮುಚ್ಚಿ, ಫಿಲ್ಟರ್ ಬದಲಾಯಿಸಿ, ವ್ಯಾಕ್ಯೂಮ್ ಮಾಡಿ (ಪೈಪಿನೊಳಗಿನ ಗಾಳಿ ಎಳೆದು ತೆಗೆದು) ಆಮೇಲೆ ತುಂಬಬೇಕು. ಸುಮ್ನೆ ತುಂಬಿಸಿ ಹೋದರೆ ಮತ್ತೆ ಖಾಲಿಯಾಗುತ್ತದೆ. ಕಂಪ್ರೆಸರ್ ಮೇಲೆ ಆರ್600ಎ ಅಂತ ಇದ್ದರೆ ಅದು ಉರಿಯುವ ಗ್ಯಾಸ್. ಆ ಕೆಲಸ ಗೊತ್ತಿರುವವರನ್ನೇ ಕರೆಯಿರಿ, ಕಿಟಕಿ ತೆರೆದಿಡಿ.

ಇನ್ನು ಫ್ರೀಜರ್‌ನಲ್ಲಿ ಮೀನಿದೆ ಅಂತಲೂ ಬರೆದಿದ್ದೀರಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕಡೆ ಟ್ರಾಲಿಂಗ್ (ಯಾಂತ್ರಿಕ ದೋಣಿಗಳ ಮೀನುಗಾರಿಕೆ) ನಿಷೇಧ, ರೇಟು ನೋಡಿದರೆ ಎಸೆಯಲು ಮನಸ್ಸು ಬರುವುದಿಲ್ಲ, ಗೊತ್ತು. ಇನ್ನೂ ಐಸ್ ಕಣ ಕಾಣುವಷ್ಟು ಗಟ್ಟಿ ಇದ್ದರೆ ಇವತ್ತೇ ಸಾರು ಮಾಡಿ. ಆದರೆ ಬಂಗುಡೆ, ಬೂತಾಯಿ ಪೂರ್ತಿ ಕರಗಿ ಗಂಟೆಗಟ್ಟಲೆ ಬೆಚ್ಚಗೆ ಕೂತಿದ್ದರೆ ಬೇಡವೇ ಬೇಡ. ಅವುಗಳಲ್ಲಿ ಹಿಸ್ಟಮಿನ್ ಅನ್ನುವ ರಾಸಾಯನಿಕ ಹೆಚ್ಚಾಗುತ್ತದೆ, ಎಷ್ಟು ಕುದಿಸಿದರೂ ಹೋಗುವುದಿಲ್ಲ, ತಿಂದವರಿಗೆ ಮುಖ ಕೆಂಪಾಗಿ ಮೈಯೆಲ್ಲ ತುರಿಸುತ್ತದೆ. ವಾಸನೆ ಬರದಿದ್ದರೂ ಇದು ಆಗಬಹುದು.

ಪ್ಯಾನೆಲ್ ಬಿಚ್ಚಿದಾಗ ಕಾಯಿಲಿನ ಒಂದು ಫೋಟೊ ಹಾಕಿ, ಹಿಮ ನೋಡಿ ಯಾವುದು ಅಂತ ಹೇಳುತ್ತೇನೆ.