ನರ್ಸಿಂಗ್, ಎಂ.ಬಿ.ಬಿ.ಎಸ್., ಫಾರ್ಮ್.ಡಿ.: ಒಂದೇ ಮ್ಯಾನಿಕಿನ್ ಸುತ್ತ

ಪ್ರಶ್ನೆ: ಅಂತಿಮ ವರ್ಷದ ನಮ್ಮ ನರ್ಸಿಂಗ್ ಮಕ್ಕಳನ್ನು ಎಂ.ಬಿ.ಬಿ.ಎಸ್. ಮತ್ತು ಫಾರ್ಮ್.ಡಿ. (ಔಷಧ ವಿಜ್ಞಾನದ) ವಿದ್ಯಾರ್ಥಿಗಳ ಜೊತೆ ಸೇರಿಸಿ ಸ್ಕಿಲ್ ಲ್ಯಾಬ್‌ನಲ್ಲಿ ಸಿಮ್ಯುಲೇಷನ್ (ಅಣಕು ಚಿಕಿತ್ಸೆಯ ಅಭ್ಯಾಸ) ಮಾಡಿಸಿದೆವು. ವೈದ್ಯ ವಿದ್ಯಾರ್ಥಿಗಳೇ ಎಲ್ಲ ಮಾಡಿದರು. ನಮ್ಮವರು ಬಿ.ಪಿ. ನೋಡಿ ಸುಮ್ಮನೆ ನಿಂತರು, ಫಾರ್ಮ್.ಡಿ. ಮಕ್ಕಳಿಗಂತೂ ಕೆಲಸವೇ ಇರಲಿಲ್ಲ. ಒಳ್ಳೆಯ ಮ್ಯಾನಿಕಿನ್ (ರೋಗಿಯ ಬೊಂಬೆ) ತರಿಸಿದರೆ ಸರಿಹೋದೀತೇ?
– ಉಪನ್ಯಾಸಕಿ, ಪುಣೆ

ಉತ್ತರ: ಮ್ಯಾನಿಕಿನ್‌ಗೆ ಈಗಲೇ ದುಡ್ಡು ಸುರಿಯಬೇಡಿ. ಕೊರತೆ ಇರುವುದು ಸನ್ನಿವೇಶದಲ್ಲಿ. ಎಲ್ಲ ಮಾಹಿತಿ ಕೇಸ್ ಪೇಪರ್‌ನಲ್ಲೇ ಇದ್ದರೆ, ಅದನ್ನು ಮೊದಲು ಕೈಗೆತ್ತಿಕೊಂಡವರೇ ಯಜಮಾನರಾಗುತ್ತಾರೆ. ಮಾಹಿತಿಯನ್ನು ಮೂರು ಚೀಟಿಗಳಲ್ಲಿ ಹಂಚಿ. ಮೂವರೂ ಬಾಯಿ ಬಿಟ್ಟರಷ್ಟೇ ರೋಗಿ ಉಳಿಯುವಂತಿರಲಿ.

ಉದಾಹರಣೆಗೆ, ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯಾಟಿಕ್ ಶುರುವಾದ ಕೆಲವೇ ನಿಮಿಷಕ್ಕೆ 50 ವರ್ಷದ ರೋಗಿಯ ಮೈಯೆಲ್ಲ ದದ್ದು, ಉಬ್ಬಸ, ಬಿ.ಪಿ. 80/50, ಆಮ್ಲಜನಕ ಶೇ. 88. ಇದು ಔಷಧದ ತೀವ್ರ ಅಲರ್ಜಿ (ಅನಾಫಿಲ್ಯಾಕ್ಸಿಸ್). ಹಿಂದೊಮ್ಮೆ ಇಂಜೆಕ್ಷನ್‌ಗೆ ಹೀಗೇ ಆಗಿತ್ತೆಂಬುದು ನರ್ಸಿಂಗ್ ವಿದ್ಯಾರ್ಥಿನಿಯ ಚೀಟಿಯಲ್ಲಿ ಮಾತ್ರ ಇರಲಿ. ರೋಗಿ ದಿನಾ ಅಟೆನೊಲಾಲ್ (ಬಿ.ಪಿ. ಇಳಿಸುವ ಮಾತ್ರೆ) ನುಂಗುತ್ತಾರೆಂಬುದು ಫಾರ್ಮ್.ಡಿ. ಚೀಟಿಯಲ್ಲಿ. ಎದೆ ಪರೀಕ್ಷೆಯ ವಿವರ ವೈದ್ಯ ವಿದ್ಯಾರ್ಥಿಗೆ.

ಆ್ಯಂಟಿಬಯಾಟಿಕ್ ನಿಲ್ಲಿಸಬೇಕು, ನೆರವಿಗೆ ಕೂಗಬೇಕು, ಆಕ್ಸಿಜನ್ ಹಚ್ಚಬೇಕು, ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ ಅಡ್ರಿನಲಿನ್ 0.5 ಮಿ.ಗ್ರಾಂ. ಕೊಡಬೇಕು, ಸಲೈನ್ ವೇಗವಾಗಿ ಬಿಡಬೇಕು. ಆಂಪ್ಯೂಲ್ (ಔಷಧದ ಪುಟ್ಟ ಗಾಜಿನ ಸೀಸೆ) 1 ಮಿ.ಲೀ.ಯದು, ಅದರಲ್ಲಿ 1 ಮಿ.ಗ್ರಾಂ.; ಅಂದರೆ ಸಿರಿಂಜ್‌ಗೆ 0.5 ಮಿ.ಲೀ. ತಪ್ಪಾಗುವುದು ಇಲ್ಲೇ: ಕೈ ಮೊದಲು ಅವಿಲ್ (ಅಲರ್ಜಿಯ ಔಷಧ), ಹೈಡ್ರೋಕಾರ್ಟಿಸೋನ್ (ಸ್ಟಿರಾಯ್ಡ್) ಕಡೆಗೆ ಹೋಗುತ್ತದೆ. ಬಿದ್ದ ಬಿ.ಪಿ.ಯನ್ನು ಅವು ಎತ್ತುವುದಿಲ್ಲ. ಆದ್ದರಿಂದ ಅಡ್ರಿನಲಿನ್ ಬೀಳುವವರೆಗೆ ಮಾನಿಟರ್ ಅಂಕಿಗಳನ್ನು ಇಳಿಸುತ್ತಲೇ ಇರಿ. 5 ನಿಮಿಷ ಬಿಟ್ಟು ಎರಡನೇ ಡೋಸ್ ಕೊಟ್ಟರೂ ಬಿ.ಪಿ. ಏರದಿರಲಿ. ಅಟೆನೊಲಾಲ್ ಇದ್ದಾಗ ಅಡ್ರಿನಲಿನ್ ಸರಿಯಾಗಿ ಹತ್ತದಿರಬಹುದು, ಗ್ಲುಕಗಾನ್ 1–5 ಮಿ.ಗ್ರಾಂ. ರಕ್ತನಾಳಕ್ಕೆ ನಿಧಾನವಾಗಿ ಬೇಕು ಎಂದು ಫಾರ್ಮ್.ಡಿ. ವಿದ್ಯಾರ್ಥಿ ಹೇಳಬೇಕಾದ ಹೊತ್ತು ಅದು. ಅವರು ಸುಮ್ಮನಿದ್ದರೆ ನೀವು ಹೇಳಿಕೊಡಬೇಡಿ.

ಡೋಸ್ ಹೇಳುವಾಗ 'ಅರ್ಧ ಆಂಪ್ಯೂಲ್' ಒಪ್ಪಬೇಡಿ. ಔಷಧ, ಮಿ.ಗ್ರಾಂ., ಮಿ.ಲೀ., ಕೊಡುವ ಮಾರ್ಗ ನಾಲ್ಕನ್ನೂ ಹೇಳಿಸಿ, ಕೇಳಿಸಿಕೊಂಡವರು ತಿರುಗಿ ಹೇಳಲಿ. ಕರ್ನಾಟಕದಿಂದ ಹೊಸದಾಗಿ ಬಂದ ಮಕ್ಕಳು ಮರಾಠಿಯ 'ದೀಡ್' (ಒಂದೂವರೆ), 'ಅಡೀಚ್' (ಎರಡೂವರೆ) ಅದಲುಬದಲು ಮಾಡಿಕೊಳ್ಳಬಹುದು. ಅಂಕಿ ಇಂಗ್ಲಿಷಿನಲ್ಲೇ ಇರಲಿ.

ಆಟ 10 ನಿಮಿಷವಾದರೆ, ಆಮೇಲೆ ಕೂತು ಚರ್ಚಿಸುವ ಡೀಬ್ರೀಫಿಂಗ್‌ಗೆ 20–30 ನಿಮಿಷ ಇಡಿ. ವೈದ್ಯ ಪ್ರಾಧ್ಯಾಪಕರೊಬ್ಬರೇ ನಡೆಸಿದರೆ ಅದು ಔಷಧಶಾಸ್ತ್ರದ ಪಾಠವಾಗಿಬಿಡುತ್ತದೆ, ನಿಮ್ಮ ಮಕ್ಕಳು ಮತ್ತೆ ಮೂಕರು. ಮೊದಲ ಪ್ರಶ್ನೆ ನೀವೇ ಕೇಳಿ: ಯಾರಿಗೆ ಏನು ಗೊತ್ತಿತ್ತು, ಯಾವಾಗ ಹೇಳಿದಿರಿ, ಏಕೆ ತಡವಾಯಿತು? ಮೂರೂ ಕೋರ್ಸಿನವರನ್ನು ಬೆರೆಸಿ ವೃತ್ತಾಕಾರ ಕೂರಿಸಿ. ತಂಡದಲ್ಲಿ ಐದಾರು ಜನ ಸಾಕು. ಉಳಿದವರು ಚೆಕ್‌ಲಿಸ್ಟ್ ಹಿಡಿದು ನೋಡಲಿ.

ಟೈಮ್‌ಟೇಬಲ್ ತಲೆನೋವೇ. ನಿಮ್ಮಲ್ಲಿ ನರ್ಸಿಂಗ್, ಎಂ.ಬಿ.ಬಿ.ಎಸ್. ನಾಶಿಕ್‌ನ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದಡಿ ಇದ್ದರೆ, ಫಾರ್ಮಸಿ ಬೇರೆ ವಿಶ್ವವಿದ್ಯಾಲಯದಡಿ ಇರುವ ಸಾಧ್ಯತೆಯೇ ಹೆಚ್ಚು. ಪರೀಕ್ಷೆಯ ದಿನಾಂಕ ನೋಡಿಯೇ ದಿನ ಗೊತ್ತುಮಾಡಿ.

ಬಹಳ ಮುಖ್ಯವಾದದ್ದು: ತರಬೇತಿ ಆಂಪ್ಯೂಲ್, ಸಲೈನ್ ಚೀಲಗಳ ಮೇಲೆ 'ತರಬೇತಿಗೆ ಮಾತ್ರ' ಎಂದು ದಪ್ಪಕ್ಷರದ ಚೀಟಿ ಅಂಟಿಸಿ, ಕೊನೆಗೆ ಎಣಿಸಿ ಬೀಗ ಹಾಕಿ. ಒಂದೂ ವಾರ್ಡ್ ಸೇರಕೂಡದು.

ಪ್ರಶ್ನೆ: ನಾನು ಕಲಬುರಗಿಯವಳು, ಮುಂಬೈನಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದೇನೆ. ಇಂಥ ತರಬೇತಿಯಲ್ಲಿ ತಪ್ಪು ಕಂಡರೂ ಎಂ.ಬಿ.ಬಿ.ಎಸ್.ನವರ ಮುಂದೆ ಮಾತೇ ಹೊರಡುವುದಿಲ್ಲ.
– ವಿದ್ಯಾರ್ಥಿನಿ, ಮುಂಬೈ

ಉತ್ತರ: ಧೈರ್ಯ ಬರಲೆಂದು ಕಾಯಬೇಡಮ್ಮ, ವಾಕ್ಯಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಮೊದಲು, 'ಡಾಕ್ಟರ್, ನನಗೆ ಚಿಂತೆಯಾಗುತ್ತಿದೆ, ಬಿ.ಪಿ. 80ಕ್ಕೆ ಇಳಿದಿದೆ.' ಕೇಳಿಸಿಕೊಳ್ಳದಿದ್ದರೆ, 'ಅಡ್ರಿನಲಿನ್ ಇನ್ನೂ ಕೊಟ್ಟಿಲ್ಲ, ಇದು ರೋಗಿಯ ಸುರಕ್ಷತೆಯ ಪ್ರಶ್ನೆ.' ಹೆಸರು ಹಿಡಿದು, ಅಂಕಿಯ ಸಮೇತ ಹೇಳಿ. 'ಸ್ವಲ್ಪ ಸರಿಯಿಲ್ಲ ಅನಿಸುತ್ತೆ' ಎಂಬ ಮಾತು ಯಾರ ಕಿವಿಗೂ ಬೀಳದು. ಎರಡು ಸಲ ಹೇಳಿದ ಮೇಲೂ ಬದಲಾಗದಿದ್ದರೆ ಹಿರಿಯರನ್ನು ಕರೆಯಿರಿ. ಅನುಮಾನದ ಔಷಧ ನಿಮ್ಮ ಕೈಯಲ್ಲೇ ಇದ್ದರೆ ಚುಚ್ಚಬೇಡಿ, ಟ್ರೇಯಲ್ಲಿಟ್ಟು ಲೇಬಲ್ ಗಟ್ಟಿಯಾಗಿ ಓದಿ.