ಧ್ಯಾನ ಹೇಳಿಕೊಡುವವರು ಬೇರೆ, ಈ ಚಿಕಿತ್ಸೆ ಬಲ್ಲವರು ಬೇರೆ

ಪ್ರಶ್ನೆ: ನನಗೆ 39 ವರ್ಷ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ಹತ್ತು ವರ್ಷದಲ್ಲಿ ಮೂರು ಸಲ ಖಿನ್ನತೆ ಬಂದಿತ್ತು. ಈಗ ಏಳು ತಿಂಗಳಿಂದ ಆರಾಮಿದ್ದೇನೆ, ಮಾತ್ರೆ ನಡೆಯುತ್ತಿದೆ. ಮರುಕಳಿಸದಂತೆ ‘ಮೈಂಡ್‌ಫುಲ್‌ನೆಸ್ ಆಧಾರಿತ ಕಾಗ್ನಿಟಿವ್ ಥೆರಪಿ’ ಮಾಡಿಸಿ ಎಂದರು ಡಾಕ್ಟರು. ಮೊಬೈಲಿನಲ್ಲಿ ಹುಡುಕಿದರೆ ಬರೀ ಕೋಚ್‌ಗಳು ಸಿಗುತ್ತಾರೆ. ಮನೆಯವರು ‘ಧ್ಯಾನಕ್ಕೆ ದುಡ್ಡು ಯಾಕೆ, ಹತ್ತು ದಿನದ ಮೌನ ಶಿಬಿರಕ್ಕೆ ಹೋಗು’ ಅನ್ನುತ್ತಾರೆ. ಊರಲ್ಲಿ ಗೊತ್ತಾದರೆ ಎಂಬ ಹೆದರಿಕೆಯೂ ಇದೆ. ಏನು ಮಾಡಲಿ?

ಉತ್ತರ: ಡಾಕ್ಟರು ಸರಿಯಾದ ಹೊತ್ತಿಗೇ ಹೇಳಿದ್ದಾರೆ. ಮೈಂಡ್‌ಫುಲ್‌ನೆಸ್ ಅಂದರೆ ಈ ಕ್ಷಣದಲ್ಲಿ ಆಗುತ್ತಿರುವುದನ್ನು ತೀರ್ಪು ಕೊಡದೆ ಗಮನಿಸುವುದು, ಕಾಗ್ನಿಟಿವ್ ಥೆರಪಿ ಅಂದರೆ ಯೋಚನೆಯ ರೀತಿಯ ಮೇಲೆ ಕೆಲಸ ಮಾಡುವ ಮಾತಿನ ಚಿಕಿತ್ಸೆ. ಜಿಂಡೆಲ್ ಸೀಗಲ್, ಮಾರ್ಕ್ ವಿಲಿಯಮ್ಸ್, ಜಾನ್ ಟೀಸ್‌ಡೇಲ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಈ ಎರಡನ್ನೂ ಸೇರಿಸಿದ ಚಿಕಿತ್ಸೆಯನ್ನು ರೂಪಿಸಿದ್ದೇ ಖಿನ್ನತೆಯಿಂದ ಎದ್ದು ಬಂದವರಿಗಾಗಿ. 2000ದಲ್ಲಿ ಪ್ರಕಟವಾದ ಅವರ ಮೊದಲ ಅಧ್ಯಯನದಲ್ಲಿ, ಮೂರು ಅಥವಾ ಹೆಚ್ಚು ಸಲ ಖಿನ್ನತೆ ಬಂದವರಲ್ಲಿ ಮರುಕಳಿಕೆ ಮಾಮೂಲಿ ಚಿಕಿತ್ಸೆಯಷ್ಟೇ ಪಡೆದವರಿಗೆ ಶೇ. 66, ಇದನ್ನೂ ಪಡೆದವರಿಗೆ ಶೇ. 37 ಇತ್ತು. ಎರಡೇ ಸಲ ಬಂದವರಿಗೆ ಆ ಲಾಭ ಕಾಣಲಿಲ್ಲ. ನಿಮ್ಮದು ಮೂರು.

ಹಲವು ಸಲ ಖಿನ್ನತೆ ಉಂಡ ಮನಸ್ಸಿಗೆ ಸಣ್ಣ ಬೇಸರವೂ ಹಳೆಯ ಜಾಡನ್ನು ತೆರೆದುಕೊಡುತ್ತದೆ. ಹೆಡ್‌ಮಾಸ್ಟರು ಪಾಠದ ಟಿಪ್ಪಣಿಯ ಬಗ್ಗೆ ಏನೋ ಅಂದರು ಅನ್ನಿ. ಬೇರೆಯವರಿಗೆ ಅದು ಸಂಜೆಗೆ ಮರೆತುಹೋಗುತ್ತದೆ. ನಿಮಗೆ ರಾತ್ರಿ ಎರಡರವರೆಗೆ ‘ನಾನು ಯಾವುದಕ್ಕೂ ಲಾಯಕ್ಕಿಲ್ಲ’ ಎಂಬ ಮೆಲುಕು. ಆ ಮೆಲುಕು ಶುರುವಾಗುವಾಗಲೇ ಗುರುತಿಸಿ, ‘ಇದೊಂದು ಯೋಚನೆ, ನಿಜವೇ ಆಗಬೇಕೆಂದಿಲ್ಲ’ ಎಂದು ನೋಡಲು ಇಲ್ಲಿ ಕಲಿಸುತ್ತಾರೆ. ಮನಸ್ಸನ್ನು ಖಾಲಿ ಮಾಡುವ ಗೊಡವೆಯೇ ಇಲ್ಲ.

ಮೌನ ಶಿಬಿರದ ವಿಷಯ ಬೇರೆ. ದಿನಕ್ಕೆ ಹತ್ತು ಗಂಟೆಯಷ್ಟು ಕೂತು, ಯಾರೊಡನೆಯೂ ಮಾತಿಲ್ಲದೆ ಇದ್ದಾಗ ಹಳೆಯದು ಎದ್ದು ಬಂದರೆ ಅದನ್ನು ಹಂಚಿಕೊಂಡು ಬಿಡಿಸಲು ಚಿಕಿತ್ಸಕರು ಪಕ್ಕದಲ್ಲಿರುವುದಿಲ್ಲ. ಚೇತರಿಸಿಕೊಂಡು ಏಳೇ ತಿಂಗಳಾದ ನಿಮಗೆ ಈಗ ಬೇಡ. ಮನೆಯವರಿಗೆ ಹೀಗೇ ಹೇಳಿ: ‘ಇದು ಧ್ಯಾನದ ಕ್ಲಾಸ್ ಅಲ್ಲ, ಡಾಕ್ಟರು ಬರೆದ ಚಿಕಿತ್ಸೆಯ ಮುಂದಿನ ಭಾಗ.’

ಹುಡುಕುವಾಗ ‘ಮೈಂಡ್‌ಫುಲ್‌ನೆಸ್’ ಪದವನ್ನು ಬದಿಗಿಡಿ. ಮೊದಲು ಕ್ಲಿನಿಕಲ್ ಸೈಕಾಲಜಿಸ್ಟ್ ಬೇಕು, ಅಂದರೆ ಸಾಮಾನ್ಯವಾಗಿ ಆ ವಿಷಯದಲ್ಲಿ ಎಂ.ಫಿಲ್. ಮಾಡಿ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐಯ, ರಿಜಿಸ್ಟರಿನಲ್ಲಿ ಹೆಸರಿರುವವರು. ಕೋಚ್ ಎಂದು ಬೋರ್ಡು ಹಾಕಲು ಯಾವ ನೋಂದಣಿಯೂ ಬೇಡ, ಅದಕ್ಕೇ ಅಷ್ಟೊಂದು ಜನ. ನೋಂದಣಿ ನಂಬರ್ ಕೇಳಿ, ಆರ್‌ಸಿಐ ವೆಬ್‌ಸೈಟಿನಲ್ಲಿ ತಾಳೆ ನೋಡಿ. ನಂಬರ್ ಕೇಳಿದರೆ ಸಿಡುಕುವವರನ್ನು ಅಲ್ಲಿಗೇ ಬಿಡಿ. ಹುಡುಕಾಟಕ್ಕೆ ಮೊದಲ ಜಾಗ ನಿಮ್ಮ ಮನೋವೈದ್ಯರೇ. ‘ನೀವು ಯಾರ ಬಳಿ ಕಳಿಸುತ್ತೀರಿ’ ಎಂದು ನೇರ ಕೇಳಿ. ಆಮೇಲೆ ಮಂಗಳೂರಿನ ಮೆಡಿಕಲ್ ಕಾಲೇಜುಗಳ ಮನೋವೈದ್ಯ ವಿಭಾಗಗಳಿಗೆ ಫೋನ್ ಮಾಡಿ.

ಆದರೆ ಆರ್‌ಸಿಐ ನೋಂದಣಿ ಈ ಚಿಕಿತ್ಸೆಯ ತರಬೇತಿಗೆ ಪುರಾವೆಯಲ್ಲ, ಇದನ್ನು ಮೇಲಿಂದ ಬೇರೆಯಾಗಿ ಕಲಿಯಬೇಕು. ಹಾಗಾಗಿ ಫೋನಿನಲ್ಲಿ ಐದು ನಿಮಿಷ ಕೇಳಿ ತೆಗೆದುಕೊಳ್ಳಿ. ಇದನ್ನು ಎಲ್ಲಿ ಕಲಿತಿರಿ? ಎಂಟು ವಾರದ ಕೋರ್ಸನ್ನು ಸ್ವತಃ ಕೂತು ಮುಗಿಸಿದ್ದೀರಾ? ಈಗಲೂ ನಿಮ್ಮದೇ ದೈನಂದಿನ ಅಭ್ಯಾಸ ಇದೆಯೇ? ಈ ಕೊನೆಯ ಪ್ರಶ್ನೆ ಅಧಿಕಪ್ರಸಂಗವಲ್ಲ. ತಾನು ಅಭ್ಯಾಸ ಮಾಡದವರು ಇದನ್ನು ಕಲಿಸಲಾಗದು ಎನ್ನುವುದು ಈ ಚಿಕಿತ್ಸೆಯ ಮೂಲ ನಿಯಮಗಳಲ್ಲೊಂದು. ಕೋರ್ಸು ಹೇಗೆ ನಡೆಯುತ್ತದೆ ಎಂದೂ ಕೇಳಿ. ಸರಿಯಾದ ಉತ್ತರ ಸುಮಾರು ಹೀಗಿರುತ್ತದೆ: ವಾರಕ್ಕೊಮ್ಮೆ ಎರಡು, ಎರಡೂವರೆ ಗಂಟೆ, ಹೀಗೆ ಎಂಟು ವಾರ, ಮೊದಲು ಒಬ್ಬೊಬ್ಬರೊಡನೆ ಮಾತುಕತೆ, ಆರನೇ ವಾರದ ಸುಮಾರಿಗೆ ಒಂದು ದಿನ ಮೌನದ ಅಭ್ಯಾಸ, ಮನೆಯಲ್ಲಿ ವಾರಕ್ಕೆ ಆರು ದಿನ ಮುಕ್ಕಾಲು ಗಂಟೆಯಷ್ಟು ಕೆಲಸ. ‘ಮೂರು ಸಿಟ್ಟಿಂಗಿನಲ್ಲಿ ಸರಿ ಮಾಡುತ್ತೇನೆ’ ಅಂದರೆ ಅದು ಈ ಚಿಕಿತ್ಸೆಯಲ್ಲ.

ಗಡಿನಾಡಿನವರು ಭಾಷೆಯ ಪ್ರಶ್ನೆಯನ್ನು ಸಂಕೋಚದಿಂದ ನುಂಗುತ್ತಾರೆ. ಇಲ್ಲಿ ನುಂಗಬೇಡಿ. ಶಾಲೆಯ ಸುತ್ತೋಲೆಯನ್ನು ಮಲಯಾಳದಲ್ಲಿ ಓದಿಕೊಂಡು ಹೋಗಬಹುದು, ಆದರೆ ಕಣ್ಣುಮುಚ್ಚಿ ಮಲಗಿ, ಕಾಲಿನ ಹೆಬ್ಬೆರಳಿನಿಂದ ನೆತ್ತಿಯವರೆಗೆ ಗಮನ ಒಯ್ಯುವ ಮುಕ್ಕಾಲು ಗಂಟೆಯಲ್ಲಿ ಮನಸ್ಸು ಅನುವಾದಕ್ಕೆ ಇಳಿಯಬಾರದು. ಕನ್ನಡದಲ್ಲಿ ನಡೆಸುತ್ತೀರಾ, ಮನೆಯ ಅಭ್ಯಾಸಕ್ಕೆ ಕನ್ನಡದ ಆಡಿಯೋ ನಿಮ್ಮದೇ ದನಿಯಲ್ಲಿ ಕೊಡುತ್ತೀರಾ ಎಂದು ಕೇಳಿ.

ಗುಟ್ಟಿನ ಹೆದರಿಕೆಗೆ: ನಿಮ್ಮ ಕಾಯಿಲೆ, ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕು ಎನ್ನುವುದು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಕೊಟ್ಟ ಹಕ್ಕು. ಗುಂಪಿನಲ್ಲಿ ಪರಿಚಯದವರಿರಬಹುದು ಅನಿಸಿದರೆ ಒಬ್ಬರಿಗೇ ನಡೆಸಲು, ಅಥವಾ ಆನ್‌ಲೈನಿನಲ್ಲಿ ನಡೆಸಲು ಕೇಳಿ. ಕುಂಬಳೆಯಲ್ಲಿ ರೈಲು ಹತ್ತಿ ಶನಿವಾರ ಮಂಗಳೂರಿಗೆ ಹೋಗುವ ಟೀಚರನ್ನು ಯಾರೂ ಅನುಮಾನಿಸುವುದಿಲ್ಲ, ಬಿಡಿ.

ಹಲವರು ಎಡವುವುದು ಮೊದಲ ವಾರಗಳಲ್ಲೇ. ಮಲಗಿ ಮಾಡುವಾಗ ನಿದ್ದೆ ಬರುತ್ತದೆ, ‘ನನಗಿದು ಆಗುವುದಲ್ಲ’ ಎಂದು ಬಿಟ್ಟುಬಿಡುತ್ತಾರೆ. ನಿದ್ದೆ ಬಂದರೆ ಕೂತು ಮಾಡಿ, ಕಣ್ಣು ಅರೆ ತೆರೆದಿರಲಿ. ಇನ್ನೊಂದು ತಪ್ಪು, ಕೋರ್ಸಿನಲ್ಲಿ ಕಲಿಸುವ ಮೂರು ನಿಮಿಷದ ಉಸಿರಿನ ಅಭ್ಯಾಸವನ್ನು ಬೇಸರ ಓಡಿಸುವ ಗುಳಿಗೆಯಂತೆ ಬಳಸುವುದು. ಓಡಿಸಹೊರಟರೆ ಅದು ಇನ್ನಷ್ಟು ಗಟ್ಟಿ ಕೂರುತ್ತದೆ.

ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. 2015ರಲ್ಲಿ ಇಂಗ್ಲೆಂಡಿನಲ್ಲಿ 424 ಜನರ ಮೇಲೆ ನಡೆದ ಅಧ್ಯಯನದಲ್ಲಿ ಈ ಚಿಕಿತ್ಸೆ ಪಡೆದು ಮಾತ್ರೆ ಇಳಿಸುತ್ತ ಬಂದವರಲ್ಲಿ ಎರಡು ವರ್ಷದಲ್ಲಿ ಶೇ. 44, ಮಾತ್ರೆ ಮುಂದುವರಿಸಿದವರಲ್ಲಿ ಶೇ. 47 ಮಂದಿಗೆ ಖಿನ್ನತೆ ಮರಳಿತು, ಹೆಚ್ಚುಕಡಿಮೆ ಸಮ. ಅವರು ಇಳಿಸಿದ್ದು ವೈದ್ಯರ ನಿಗಾದಲ್ಲಿ, ನಿಧಾನವಾಗಿ. ನಡುವೆ ಬದುಕೇ ಬೇಡ ಅನಿಸುವ ರಾತ್ರಿ ಬಂದರೆ ಅಭ್ಯಾಸ ಬದಿಗಿಟ್ಟು ಡಾಕ್ಟರಿಗೆ ಫೋನ್ ಮಾಡಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿಯೂ ಉಚಿತ.

ಮೊದಲ ಭೇಟಿಗೆ ಒಂದು ಹಾಳೆ ಬರೆದು ಒಯ್ಯಿರಿ: ಮೂರೂ ಸಲದ ಇಸವಿ, ತಿಂಗಳು, ಆಗಿನ ಮಾತ್ರೆಗಳ ಹೆಸರು. ಪ್ರತಿ ಸಲವೂ ಎಲ್ಲಕ್ಕಿಂತ ಮೊದಲು ಕೆಟ್ಟದ್ದು ಯಾವುದು, ನಸುಕಿನ ನಿದ್ದೆಯೋ, ಊಟವೋ, ಅಥವಾ ತಿದ್ದದೆ ಮೇಜಿನ ಮೇಲೆ ಉಳಿದ ಮಕ್ಕಳ ನೋಟ್‌ಬುಕ್ಕುಗಳೋ, ಅದನ್ನೂ ಬರೆಯಿರಿ. ಮರುಕಳಿಕೆಯ ಮುನ್ಸೂಚನೆಗಳನ್ನು ಪಟ್ಟಿ ಮಾಡುವ ಏಳನೇ ವಾರದಲ್ಲಿ ಆ ಹಾಳೆಯನ್ನು ಮತ್ತೆ ತೆಗೆಯಬೇಕಾಗುತ್ತದೆ.