ಓದುಗರ ಪ್ರಶ್ನೆ: ಕಮ್ಯುನಿಸಂ, ಬಂಡವಾಳಶಾಹಿ ಮತ್ತು ಕೆಟ್ಟ ಸುದ್ದಿ

ಪ್ರಶ್ನೆ: ಕಮ್ಯುನಿಸಂ ತತ್ವದಲ್ಲಿ ಒಳ್ಳೆಯದೇ, ಜಾರಿಗೆ ತಂದವರು ಕೆಟ್ಟವರಾದ್ದರಿಂದ ಸೋತಿತು ಎಂಬ ಮಾತನ್ನು ಒಪ್ಪಬಹುದೆ? (ಓದುಗರು, ದಾವಣಗೆರೆ)

ಉತ್ತರ: ತತ್ವ ಚೆನ್ನಾಗಿತ್ತು, ಜನ ಸರಿಯಿರಲಿಲ್ಲ ಎಂಬ ಸಮಾಧಾನ ಎಲ್ಲ ಸಿದ್ಧಾಂತಗಳಿಗೂ ಸುಲಭವಾಗಿ ಒದಗಿಬರುತ್ತದೆ. ನಿಜವಾದ ಮುಕ್ತ ಮಾರುಕಟ್ಟೆ ಇನ್ನೂ ಎಲ್ಲಿಯೂ ಬಂದೇ ಇಲ್ಲ ಎನ್ನುವ ಬಂಡವಾಳಶಾಹಿಯ ವಕೀಲರು ಹೇಳುತ್ತಿರುವುದೂ ಇದನ್ನೇ. ಹಾಗಾಗಿ ನಾನು ತತ್ವವನ್ನೂ ವ್ಯಕ್ತಿಗಳನ್ನೂ ಬದಿಗಿಟ್ಟು ಒಂದೇ ವಿಷಯ ಕೇಳುತ್ತೇನೆ: ತಪ್ಪು ನಡೆದಾಗ ಆ ಸುದ್ದಿ ಆಳುವವರ ಕಿವಿಗೆ ಬೀಳುತ್ತದೆಯೆ, ಬೀಳಿಸಿದವನು ಆಮೇಲೆ ಕ್ಷೇಮವಾಗಿರುತ್ತಾನೆಯೆ?

ಚೀನಾದಲ್ಲಿ 1958ರಲ್ಲಿ ಉತ್ಪಾದನೆಯನ್ನು ದಿಢೀರನೆ ಏರಿಸುವ ‘ಮಹಾ ಮುನ್ನೆಗೆತ’ ಎಂಬ ಅಭಿಯಾನ ಆರಂಭವಾದಾಗ ರೈತರ ಜಮೀನು, ಎತ್ತು, ನೇಗಿಲುಗಳೆಲ್ಲ ಕಮ್ಯೂನಿಗೆ, ಅಂದರೆ ಹಲವು ಹಳ್ಳಿಗಳ ಸಾಮೂಹಿಕ ಒಡೆತನಕ್ಕೆ, ಸೇರಿದವು. ಊಟ ಸಾಮೂಹಿಕ ಅಡುಗೆಮನೆಯಲ್ಲಿ ಎಂದಾಯಿತು. ಉಕ್ಕಿನ ಉತ್ಪಾದನೆ ಹೆಚ್ಚಿಸಲು ಹಿತ್ತಿಲುಗಳಲ್ಲಿ ಕುಲುಮೆ ಹೂಡಿ, ಮನೆಮನೆಯ ಕಬ್ಬಿಣದ ಬಾಣಲೆಗಳನ್ನು ತಂದು ಕರಗಿಸಿದರು. ಬಂದದ್ದು ಬಹುಪಾಲು ಉಪಯೋಗಕ್ಕೆ ಬಾರದ ಗಟ್ಟಿ. ಇದಕ್ಕಿಂತ ದೊಡ್ಡ ಅನಾಹುತ ಕಾಗದದ ಮೇಲೆ ನಡೆಯಿತು. ಪಕ್ಕದ ಕಮ್ಯೂನಿಗಿಂತ ಹಿಂದೆ ಬಿದ್ದರೆ ‘ಬಲಪಂಥೀಯ’ ಎಂಬ ಹಣೆಪಟ್ಟಿ ಬೀಳುತ್ತದೆಂದು ಹೆದರಿದ ಅಧಿಕಾರಿಗಳು ಇಳುವರಿಯ ಲೆಕ್ಕವನ್ನು ಉಬ್ಬಿಸಿ ಬರೆದರು. ಮೇಲಿನವರು ಆ ಲೆಕ್ಕವನ್ನೇ ನಂಬಿ ಸರ್ಕಾರದ ಪಾಲನ್ನು ಎತ್ತಿದರು. ಕಣಜದಲ್ಲಿ ಇಲ್ಲದ ಧಾನ್ಯವನ್ನು ಕೊಡಲಾಗದ ರೈತನ ಮೇಲೆ ಬಚ್ಚಿಟ್ಟ ಆರೋಪ ಬಂತು. 1959ರ ಬೇಸಿಗೆಯಲ್ಲಿ ರಕ್ಷಣಾ ಸಚಿವ ಪೆಂಗ್ ದೆಹುವಾಯ್ ಇದು ಸರಿಹೋಗುತ್ತಿಲ್ಲವೆಂದು ಪಕ್ಷದ ಅಧ್ಯಕ್ಷ ಮಾವೋಗೆ ಖಾಸಗಿಯಾಗಿ ಪತ್ರ ಬರೆದು, ಅದಕ್ಕಾಗಿ ಹುದ್ದೆ ಕಳೆದುಕೊಂಡರು. ರಕ್ಷಣಾ ಸಚಿವನಿಗೇ ಈ ಗತಿಯಾದ ಮೇಲೆ ಹಳ್ಳಿಯ ಗುಮಾಸ್ತನೊಬ್ಬ ಸತ್ಯ ಬರೆಯುತ್ತಾನೆಯೆ? ಅದೇ ವರ್ಷ ಚೀನಾ 40 ಲಕ್ಷ ಟನ್ನಿಗೂ ಹೆಚ್ಚು ಧಾನ್ಯವನ್ನು ಹೊರದೇಶಗಳಿಗೆ ರಫ್ತು ಮಾಡಿತು. ಕ್ಷಾಮದಲ್ಲಿ ಸತ್ತವರು 1.5 ಕೋಟಿಯೆಂದು ಕೆಲವರು, 4.5 ಕೋಟಿಯೆಂದು ಕೆಲವರು ಅಂದಾಜು ಮಾಡುತ್ತಾರೆ. ಈ ಎರಡು ಅಂಕಿಗಳ ನಡುವೆ ಮೂರು ಕೋಟಿ ಜನರ ಅಂತರವಿದೆ. ಸತ್ತವರನ್ನು ಎಣಿಸಲಿಕ್ಕೂ ಆ ವ್ಯವಸ್ಥೆ ಬಿಡಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇದೇ ಕಥೆಯ ಉತ್ತರಾರ್ಧ ಅನ್‌ಹುಯಿ ಪ್ರಾಂತ್ಯದ ಶಿಯಾವ್‌ಗಾಂಗ್ ಎಂಬ ಪುಟ್ಟ ಹಳ್ಳಿಯಲ್ಲಿದೆ. 1978ರ ಚಳಿಗಾಲದಲ್ಲಿ ಅಲ್ಲಿನ 18 ರೈತರು ಒಂದು ಮಣ್ಣಿನ ಮನೆಯಲ್ಲಿ ಗುಟ್ಟಾಗಿ ಸೇರಿ, ಜಮೀನನ್ನು ಮನೆವಾರು ಹಂಚಿಕೊಳ್ಳುವುದು, ಸರ್ಕಾರದ ಪಾಲು ಕೊಟ್ಟು ಮಿಕ್ಕಿದ್ದನ್ನು ಬೆಳೆದವರೇ ಇಟ್ಟುಕೊಳ್ಳುವುದು ಎಂದು ಕಾಗದ ಬರೆದು ಕೆಂಪು ಹೆಬ್ಬೆಟ್ಟು ಒತ್ತಿದರು. ಮುಂದಾಳುಗಳು ಜೈಲು ಸೇರಿದರೆ ಅವರ ಮಕ್ಕಳನ್ನು 18 ವರ್ಷದವರೆಗೆ ಉಳಿದವರು ಸಾಕಬೇಕು ಎಂಬ ಷರತ್ತೂ ಅದರಲ್ಲಿತ್ತು. ಹೊಲ ಪಾಲು ಮಾಡಿಕೊಳ್ಳುವ ಪತ್ರದಲ್ಲಿ ಮಕ್ಕಳನ್ನು ಸಾಕುವ ಷರತ್ತು ಬೇಕಾಗಿತ್ತು ಎಂದರೆ ಭಯ ಎಷ್ಟಿತ್ತೆಂದು ಊಹಿಸಿ. ಮರುವರ್ಷ ಅದೇ ಮಣ್ಣು, ಅದೇ ಜನ. ಬೆಳೆ ಮಾತ್ರ ಹಲವು ಪಟ್ಟು ಹೆಚ್ಚಿತು. ಪ್ರಾಂತ್ಯದ ಪಕ್ಷ ಕಾರ್ಯದರ್ಶಿ ವಾನ್ ಲಿ ಕಂಡೂ ಕಾಣದಂತೆ ಇದ್ದರು. ಕೆಲವೇ ವರ್ಷಗಳಲ್ಲಿ ದೇಶದ ಉದ್ದಗಲಕ್ಕೂ ಕಮ್ಯೂನುಗಳು ಮುಚ್ಚಿದವು.

ಹೀಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಎಲ್ಲ ಆಸ್ತಿಯನ್ನೂ ಎಲ್ಲ ಅಧಿಕಾರವನ್ನೂ ಎಲ್ಲ ಪತ್ರಿಕೆಗಳನ್ನೂ ಒಂದೇ ಪಕ್ಷದ ಕೈಗೆ ಕೊಡುವುದು ಜಾರಿಯ ಲೋಪವಲ್ಲ, ಮೂಲ ವಿನ್ಯಾಸದ ಲೋಪ. ಒಳ್ಳೆಯವರನ್ನು ತಂದು ಕೂರಿಸಿದರೂ ಅವರಿಗೂ ಕೆಟ್ಟ ಸುದ್ದಿ ಮುಟ್ಟುವುದಿಲ್ಲ.

ಪ್ರಶ್ನೆ: ಕ್ಷಾಮದ ವಿಚಾರದಲ್ಲಿ ಕಮ್ಯುನಿಸ್ಟರನ್ನಷ್ಟೇ ದೂರುವುದು ವಾಡಿಕೆಯಾಗಿದೆ. ಮುಕ್ತ ವ್ಯಾಪಾರದ ಹೆಸರಿನಲ್ಲಿ ಜನ ಸತ್ತಿಲ್ಲವೆ? (ಓದುಗರು, ಚಿತ್ರದುರ್ಗ)

ಉತ್ತರ: ಸತ್ತಿದ್ದಾರೆ, ಮತ್ತು ನೀವು ಕುಳಿತು ಪ್ರಶ್ನೆ ಬರೆದ ಜಿಲ್ಲೆಯಲ್ಲಿಯೇ ಸತ್ತಿದ್ದಾರೆ. 1876ರಿಂದ 1878ರವರೆಗಿನ ಬರವನ್ನು ನಮ್ಮ ಹಿರಿಯರು ಧಾತು-ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದರು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದದ್ದು 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆಗ ಸಂಸ್ಥಾನ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಧಾನ್ಯದ ಬೆಲೆಗೆ ಕೈ ಹಾಕಬಾರದು, ವ್ಯಾಪಾರಿಗಳು ತಾವಾಗಿಯೇ ಕೊರತೆ ಇರುವಲ್ಲಿಗೆ ಧಾನ್ಯ ಸಾಗಿಸುತ್ತಾರೆ ಎಂಬುದು ಅಂದಿನ ಭಾರತ ಸರ್ಕಾರದ ನಂಬಿಕೆಯಾಗಿತ್ತು. ದೇಶದಿಂದ ಗೋಧಿಯ ರಫ್ತು ಆ ವರ್ಷಗಳಲ್ಲಿಯೂ ನಿಲ್ಲಲಿಲ್ಲ.

ಇಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯ ಕಥೆಯನ್ನು ಹೇಳಲೇಬೇಕು. 1874ರಲ್ಲಿ ಬಿಹಾರದಲ್ಲಿ ಬರ ಬಂದಾಗ ಈತ ಬರ್ಮಾದಿಂದ ಅಕ್ಕಿ ತರಿಸಿ, ಧಾರಾಳವಾಗಿ ಹಂಚಿಸಿ, ಹಸಿವಿನ ಸಾವುಗಳನ್ನು ಬಹುಮಟ್ಟಿಗೆ ತಡೆದ. ಅದಕ್ಕೆ ಸಿಕ್ಕ ಬಹುಮಾನವೆಂದರೆ ಬೊಕ್ಕಸವನ್ನು ದುಂದು ಮಾಡಿದವನೆಂಬ ಟೀಕೆ. ಮೂರು ವರ್ಷದ ನಂತರ ಅದೇ ಟೆಂಪಲ್ಲನನ್ನು ಮದರಾಸು ಮತ್ತು ಮೈಸೂರಿನ ಕಡೆಗೆ ಕಳಿಸಿದಾಗ ಆತ ಪಾಠ ಕಲಿತಿದ್ದ: ಬರ ಪರಿಹಾರದ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡ್, ಅಂದರೆ ಅರ್ಧ ಕಿಲೋಗೂ ಕಡಿಮೆ ಧಾನ್ಯ ಮತ್ತು ಪುಡಿಗಾಸಿಗೆ ಇಳಿಸಿದ. ಚೀನಾದ ಗುಮಾಸ್ತ ಪಕ್ಷಕ್ಕೆ ಹೆದರಿದಂತೆ ಈತ ಖರ್ಚಿನ ಲೆಕ್ಕ ಕೇಳುವವರಿಗೆ ಹೆದರಿದ.

ಇದನ್ನು ಬಂಡವಾಳಶಾಹಿಯ ಲೆಕ್ಕಕ್ಕೆ ಪೂರ್ತಿ ಬರೆಯುವುದು ನ್ಯಾಯವಲ್ಲ, ವಸಾಹತುಶಾಹಿಯ ಪಾಲೂ ದೊಡ್ಡದು ಎಂದು ನೀವೇ ಹೇಳಬಹುದು, ಒಪ್ಪುತ್ತೇನೆ. ಆದರೆ ಮಾರುಕಟ್ಟೆಗೆ ಹುಟ್ಟಿನಿಂದ ಬಂದ ಒಂದು ಕಿವುಡು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಬೆಲೆ ಎಂಬುದು ಅದ್ಭುತವಾದ ಸುದ್ದಿವಾಹಕ. ಎಲ್ಲಿ ಏನು ಕೊರತೆಯಿದೆ ಎಂಬುದನ್ನು ಯಾವ ಯೋಜನಾ ಇಲಾಖೆಗಿಂತಲೂ ಬೇಗ ತಿಳಿಸುತ್ತದೆ. ಆದರೆ ಅದು ಕೇಳಿಸಿಕೊಳ್ಳುವುದು ಜೇಬಿನ ಸದ್ದನ್ನು ಮಾತ್ರ. ಕಾಸಿಲ್ಲದ ಕೂಲಿಯ ಹಸಿವು ಮಾರುಕಟ್ಟೆಯ ಭಾಷೆಯಲ್ಲಿ ಬೇಡಿಕೆಯೇ ಅಲ್ಲ. 1933ರ ಅಮೆರಿಕದಲ್ಲಿ ದುಡಿಯುವವರಲ್ಲಿ ನಾಲ್ವರಿಗೊಬ್ಬರು ಕೆಲಸವಿಲ್ಲದೆ, ಗಂಜಿ ಕೇಂದ್ರಗಳ ಮುಂದೆ ಸಾಲು ನಿಂತಿದ್ದಾಗ, ಬಿದ್ದುಹೋದ ಬೆಲೆ ಏರಿಸಲು ಸರ್ಕಾರವೇ ದುಡ್ಡು ಕೊಟ್ಟು ಸುಮಾರು 60 ಲಕ್ಷ ಹಂದಿಗಳನ್ನು ಕೊಲ್ಲಿಸಿತು. ಜನ ಛೀಮಾರಿ ಹಾಕಿದರು, ಪತ್ರಿಕೆಗಳು ಬರೆದವು, ಕೆಲವೇ ತಿಂಗಳಲ್ಲಿ ಹೆಚ್ಚುವರಿ ಆಹಾರವನ್ನು ಖರೀದಿಸಿ ನಿರುದ್ಯೋಗಿಗಳಿಗೆ ಹಂಚುವ ಏರ್ಪಾಡಾಯಿತು. ಆ ತಿದ್ದುಪಡಿ ಮಾರುಕಟ್ಟೆಯಿಂದ ಬಂದದ್ದಲ್ಲ. ಬಯ್ಯುವ ಸ್ವಾತಂತ್ರ್ಯದಿಂದ ಬಂದದ್ದು.

ಪ್ರಶ್ನೆ: ಸ್ವೀಡನ್, ನಾರ್ವೆ ದೇಶಗಳು ಕಮ್ಯುನಿಸ್ಟ್ ದೇಶಗಳೆ? (ಓದುಗರು, ಮಂಡ್ಯ)

ಉತ್ತರ: ಅಲ್ಲ. ಅಲ್ಲಿ ಖಾಸಗಿ ಕಂಪನಿಗಳಿವೆ, ಷೇರುಪೇಟೆಯಿದೆ, ಕೋಟ್ಯಧೀಶರೂ ಇದ್ದಾರೆ. ತೆರಿಗೆ ಹೆಚ್ಚು, ಕಾರ್ಮಿಕ ಸಂಘಗಳು ಬಲಿಷ್ಠ, ಆಸ್ಪತ್ರೆ ಮತ್ತು ಶಾಲೆಗಳ ಭಾರ ಬಹುಪಾಲು ಸರ್ಕಾರದ್ದು.

ಪ್ರಶ್ನೆ: ಸೋವಿಯತ್ ಒಕ್ಕೂಟದಿಂದ ಒಳ್ಳೆಯದೇನೂ ಆಗಲಿಲ್ಲವೆ? (ಓದುಗರು, ಧಾರವಾಡ)

ಉತ್ತರ: ಆಗಿದೆ. 1897ರ ಗಣತಿಯ ಕಾಲಕ್ಕೆ ರಷ್ಯಾ ಸಾಮ್ರಾಜ್ಯದಲ್ಲಿ ಓದುಬರಹ ಬಲ್ಲವರು ಕಾಲುಭಾಗವೂ ಇರಲಿಲ್ಲ; 1939ರ ಹೊತ್ತಿಗೆ ಐವರು ವಯಸ್ಕರಲ್ಲಿ ನಾಲ್ವರಾದರೂ ಅಕ್ಷರಸ್ಥರಾಗಿದ್ದರು. ಹೆಣ್ಣುಮಕ್ಕಳು ವೈದ್ಯರೂ ಎಂಜಿನಿಯರರೂ ಆದದ್ದು, ಹಿಟ್ಲರನ ಸೈನ್ಯದ ಬೆನ್ನೆಲುಬು ಮುರಿದದ್ದು, 1961ರಲ್ಲಿ ಮನುಷ್ಯನನ್ನು ಬಾಹ್ಯಾಕಾಶಕ್ಕೆ ಕಳಿಸಿದ್ದು ಯಾವುದೂ ಸುಳ್ಳಲ್ಲ. ನನ್ನ ತಲೆಮಾರಿನ ಕನ್ನಡಿಗರಿಗೆ ಇನ್ನೊಂದು ಋಣವೂ ಇದೆ: ಮಾಸ್ಕೋದಲ್ಲಿಯೇ ಕನ್ನಡಕ್ಕೆ ಅನುವಾದಗೊಂಡು, ಅಲ್ಲಿಯೇ ಅಚ್ಚಾಗಿ ಬರುತ್ತಿದ್ದ ಬಣ್ಣದ ಚಿತ್ರಗಳ ಮಕ್ಕಳ ಪುಸ್ತಕಗಳು ಒಂದೆರಡು ರೂಪಾಯಿಗೆ ಸಿಗುತ್ತಿದ್ದವು. ಆ ಹೊಳೆಯುವ ಕಾಗದದ ವಾಸನೆ ಇನ್ನೂ ನೆನಪಿದೆ.

ಆದರೆ ಪುಸ್ತಕ ಕಳಿಸಿದ ಆ ನಾಡಿನಲ್ಲಿ ಜನ ಬೂಟಿಗೂ ಮಾಂಸಕ್ಕೂ ಸಾಲು ನಿಲ್ಲುತ್ತಿದ್ದರು. ರಾಕೆಟ್ ಮಾಡುವುದು ಒಂದು ಗುರಿಯ ಕೆಲಸ. ಅದಕ್ಕೆ ಮೇಲಿನಿಂದ ಬರುವ ಆಜ್ಞೆ ಸಾಕು. ಕೋಟ್ಯಂತರ ಜನರಿಗೆ ಅವರವರ ಅಳತೆಯ ಬೂಟು ಒದಗಿಸುವುದು ಲಕ್ಷ ಗುರಿಗಳ ಕೆಲಸ. ಯೋಜನೆಯ ಗುರಿಯನ್ನು ಟನ್ನುಗಳಲ್ಲಿ ನಿಗದಿ ಮಾಡಿದ್ದರಿಂದ ಕಾರ್ಖಾನೆಗಳು ತೂಗುದೀಪಗಳನ್ನು ಬೇಕೆಂದೇ ಭಾರವಾಗಿ ಮಾಡುತ್ತಿವೆ ಎಂದು ಸೋವಿಯತ್ ನಾಯಕ ಕ್ರುಶ್ಚೇವ್ ಸ್ವತಃ ದೂರಿದ್ದುಂಟು. ಸುದ್ದಿಯ ವಿಚಾರಕ್ಕೆ ಬಂದರೆ, 1937ರ ಜನಗಣತಿಯಲ್ಲಿ ನಿರೀಕ್ಷೆಗಿಂತ ಬಹಳ ಕಡಿಮೆ ಜನ ಲೆಕ್ಕಕ್ಕೆ ಸಿಕ್ಕರು, ಏಕೆಂದರೆ 1932-33ರ ಕ್ಷಾಮ ಉಕ್ರೇನ್, ಕಜಾಕಸ್ತಾನಗಳಲ್ಲಿ ಲಕ್ಷಾಂತರ ಜನರನ್ನು ಕೊಂದಿತ್ತು. ಸ್ಟಾಲಿನ್ ಗಣತಿಯನ್ನೇ ರದ್ದು ಮಾಡಿ, ಅದನ್ನು ನಡೆಸಿದ ಅಧಿಕಾರಿಗಳನ್ನು ಬಂಧಿಸಿದ. ಕೆಲವರನ್ನು ಗುಂಡಿಕ್ಕಿ ಕೊಂದರು.

ಪ್ರಶ್ನೆ: ಇಂದಿನ ಚೀನಾದ ಸಂಪತ್ತು ಯಾವುದರ ಗೆಲುವು? (ಓದುಗರು, ಬೆಂಗಳೂರು)

ಉತ್ತರ: 1978ರಿಂದೀಚೆಗೆ ಸುಮಾರು 80 ಕೋಟಿ ಜನ ಅಲ್ಲಿ ಕಡುಬಡತನದಿಂದ ಹೊರಬಂದರೆಂದು ವಿಶ್ವಬ್ಯಾಂಕ್ ಹೇಳುತ್ತದೆ. ಅದು ಮಾರುಕಟ್ಟೆಗೆ ಬಾಗಿಲು ತೆರೆದದ್ದರ ಫಲವೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಬಾಗಿಲು ತೆರೆಯುವ ಮುಂಚೆಯೇ ಅಲ್ಲಿನ ಕೂಲಿಗೆ ಅಕ್ಷರ ಗೊತ್ತಿತ್ತು, ಹಳ್ಳಿಯಲ್ಲಿ ಸಾಮಾನ್ಯ ಔಷಧೋಪಚಾರ ಸಿಗುತ್ತಿತ್ತು, ಜಮೀನ್ದಾರಿ ಅಳಿದಿತ್ತು. ಆ ತಳಪಾಯ ಹಾಕಿದ್ದು ಮಾವೋ ಕಾಲ. ಇದೇ ಕಾರಣಕ್ಕೆ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ನಮ್ಮನ್ನೂ ಬಿಡಲಿಲ್ಲ: ಚುನಾವಣೆ, ಪತ್ರಿಕೆಗಳಿರುವ ಸ್ವತಂತ್ರ ಭಾರತ ಚೀನಾದಂಥ ಮಹಾಕ್ಷಾಮವನ್ನು ಕಾಣಲಿಲ್ಲ, ಆದರೆ ಸದ್ದಿಲ್ಲದ ಅಪೌಷ್ಟಿಕತೆಯಿಂದ ವರ್ಷವರ್ಷವೂ ಸಾಯುವವರನ್ನು ಆ ಪತ್ರಿಕೆಗಳು ಮುಖಪುಟಕ್ಕೆ ತರಲಿಲ್ಲ ಎಂದು ಅವರು ತೋರಿಸಿದರು. ಇನ್ನು, ಕಾರ್ಮಿಕರ ಹೆಸರಿನಲ್ಲಿ ಆಳುವ ಪಕ್ಷದ ದೇಶದಲ್ಲಿ ಸ್ವತಂತ್ರ ಕಾರ್ಮಿಕ ಸಂಘ ಕಟ್ಟಲು ಅವಕಾಶವಿಲ್ಲ ಎಂಬುದನ್ನು ಮಾರ್ಕ್ಸ್ ಕೇಳಿದ್ದರೆ ಏನೆನ್ನುತ್ತಿದ್ದನೋ!

ಪ್ರಶ್ನೆ: ‘ಉಳುವವನೇ ಹೊಲದೊಡೆಯ’ ಎಂಬುದು ಕಮ್ಯುನಿಸ್ಟ್ ಕಾನೂನಲ್ಲವೆ? ನಮ್ಮ ಕುಟುಂಬ ಅದರಲ್ಲಿ ಜಮೀನು ಕಳೆದುಕೊಂಡಿತು. (ಓದುಗರು, ಸಾಗರ)

ಉತ್ತರ: ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ನಿಮ್ಮ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಸತ್ಯಾಗ್ರಹ ನಡೆದಾಗ ಮುಂದೆ ನಿಂತವರು ಸಮಾಜವಾದಿಗಳು, ಬಂಧನಕ್ಕೊಳಗಾದ ಲೋಹಿಯಾ ಕಮ್ಯುನಿಸ್ಟರ ಕಟು ಟೀಕಾಕಾರ. ಜಗಳದ ಬೀಜ ಒಂದು ಕೊಳಗದಲ್ಲಿತ್ತು: ಗೇಣಿ ಭತ್ತ ಅಳೆದುಕೊಳ್ಳುವ ಒಡೆಯರ ಕೊಳಗ ರೂಢಿಯ ಕೊಳಗಕ್ಕಿಂತ ದೊಡ್ಡದಾಗಿತ್ತು. 1974ರಲ್ಲಿ ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸು ಸರ್ಕಾರದ ತಿದ್ದುಪಡಿ ಬಂದು, ಗೇಣಿದಾರರು 7ನೇ ನಂಬರಿನ ಫಾರಂ ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತರು.

ಅರಸರದ್ದು ಕಾಂಗ್ರೆಸ್ ಸರ್ಕಾರ, ಮತ್ತು ಗೇಣಿದಾರನಿಗೆ ಸಿಕ್ಕಿದ್ದು ಅವನದೇ ಹೆಸರಿನ ಪಹಣಿ. ಖಾಸಗಿ ಆಸ್ತಿ ಇಲ್ಲದವನಿಗೆ ಖಾಸಗಿ ಆಸ್ತಿ ಕೊಡುವುದನ್ನು ಕಮ್ಯುನಿಸಂ ಎನ್ನಲಾಗದು. ಜಪಾನಿನಲ್ಲಿ ಎರಡನೆಯ ಮಹಾಯುದ್ಧದ ನಂತರ ಇದೇ ಕೆಲಸ ಮಾಡಿಸಿದ್ದು ಅಮೆರಿಕದ ಸೈನ್ಯಾಡಳಿತ. ಲೆನಿನ್ 1917ರಲ್ಲಿ ರೈತರಿಗೆ ಬಿಟ್ಟುಕೊಟ್ಟ ಭೂಮಿಯನ್ನು 1929ರಿಂದ ಸ್ಟಾಲಿನ್ ಕಿತ್ತುಕೊಂಡ. ಚೀನಾದ ರೈತನಿಗೆ 1950ರಲ್ಲಿ ಕೊಟ್ಟ ಹೊಲ 1958ರೊಳಗೆ ಕೈಬಿಟ್ಟಿತು. ನಮ್ಮಲ್ಲಿ ಗೇಣಿದಾರನ ಹೊಲವನ್ನು ಯಾವ ಸರ್ಕಾರವೂ ಮರಳಿ ಕಿತ್ತುಕೊಳ್ಳಲಿಲ್ಲ. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾಗಿದೆ; ಆ ಹೊಲ ಇನ್ನು ಯಾರ ಕೈಗೆ ಹೋಗುತ್ತದೆ ಎಂಬುದು ಬೇರೆ ಚರ್ಚೆ.

ಪ್ರಶ್ನೆ: ಸುತ್ತಿ ಬಳಸದೆ ಹೇಳಿ, ನೀವು ಯಾವ ಕಡೆ? (ಓದುಗರು, ಮೈಸೂರು)

ಉತ್ತರ: ಬಂಡವಾಳಶಾಹಿಯ ಕಡೆ, ಆದರೆ ಅದಕ್ಕೆ ಮೂಗುದಾರ ಹಾಕುವವರು ಶಾಸನಸಭೆಯಲ್ಲಿ ಇರುವವರೆಗೆ ಮಾತ್ರ. ಮೂಗುದಾರವಿಲ್ಲದಿದ್ದರೆ ಏನಾಗುತ್ತದೆಂದು 2008ರ ಅಮೆರಿಕದ ಬ್ಯಾಂಕ್ ಕುಸಿತದಲ್ಲಿ ನೋಡಿದ್ದೇವೆ: ಲಾಭ ಬಂದಾಗ ಅದು ಬ್ಯಾಂಕಿನದು, ನಷ್ಟ ಬಂದಾಗ ಅಮೆರಿಕದ ತೆರಿಗೆದಾರರ ತಲೆಯ ಮೇಲೆ 70,000 ಕೋಟಿ ಡಾಲರಿನ ರಕ್ಷಣಾ ಯೋಜನೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಔಷಧದ ಉದಾಹರಣೆ ಕೊಡುತ್ತೇನೆ. 2000ದ ಸುಮಾರಿಗೆ ಎಚ್‌ಐವಿ ರೋಗಿಯ ಒಂದು ವರ್ಷದ ಔಷಧಕ್ಕೆ ಪಾಶ್ಚಾತ್ಯ ಕಂಪನಿಗಳ ಬೆಲೆ 10,000 ಡಾಲರಿಗೂ ಹೆಚ್ಚಿತ್ತು. ಆಫ್ರಿಕಾದ ರೋಗಿಗಳ ಜೇಬಿನಿಂದ ಸದ್ದೇ ಬರುತ್ತಿರಲಿಲ್ಲ. 2001ರ ಫೆಬ್ರವರಿಯಲ್ಲಿ ಮುಂಬಯಿಯ ಸಿಪ್ಲಾ ಅದೇ ಔಷಧಗಳನ್ನು ವರ್ಷಕ್ಕೆ 350 ಡಾಲರಿಗೆ ಕೊಡುವುದಾಗಿ ಹೇಳಿತು. ಸಿಪ್ಲಾ ಖಾಸಗಿ ಕಂಪನಿ, ಲಾಭಕ್ಕಾಗಿಯೇ ಇರುವುದು. ಆದರೆ ಔಷಧದ ಮೇಲೆ ಪೇಟೆಂಟ್ ಕೊಡದೆ ತಯಾರಿಕೆಯ ವಿಧಾನದ ಮೇಲೆ ಮಾತ್ರ ಕೊಡುವ 1970ರ ನಮ್ಮ ಕಾಯಿದೆ ಇಲ್ಲದಿದ್ದರೆ ಅದು ಆ ಗುಳಿಗೆಯನ್ನು ಮುಟ್ಟುವಂತಿರಲಿಲ್ಲ. 2005ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಕ್ಕಾಗಿ ಆ ಕಾಯಿದೆಯನ್ನು ಬದಲಿಸಬೇಕಾಗಿ ಬಂದಾಗ, ಕೇಂದ್ರ ಸರ್ಕಾರಕ್ಕೆ ಹೊರಗಿನಿಂದ ಬೆಂಬಲ ಕೊಟ್ಟಿದ್ದ ಎಡಪಕ್ಷಗಳು ಹಟ ಹಿಡಿದು ರೋಗಿಗಳ ಪರವಾದ ತಿದ್ದುಪಡಿಗಳನ್ನು ಸೇರಿಸಿದವು. ಹಳೆಯ ಔಷಧಕ್ಕೆ ಚಿಕಿತ್ಸೆಯ ದೃಷ್ಟಿಯಿಂದ ಹೆಚ್ಚಿನ ಗುಣವಿಲ್ಲದ ಹೊಸ ರೂಪ ಕೊಟ್ಟು ಪೇಟೆಂಟ್ ಕೇಳುವುದನ್ನು ತಡೆಯುವ 3(ಡಿ) ಕಲಮು ಅದೇ ಕಾಯಿದೆಯಲ್ಲಿದೆ. 2013ರಲ್ಲಿ ಸುಪ್ರೀಂ ಕೋರ್ಟ್ ಸ್ವಿಟ್ಜರ್ಲೆಂಡಿನ ನೊವಾರ್ಟಿಸ್ ಕಂಪನಿಗೆ ರಕ್ತದ ಕ್ಯಾನ್ಸರಿನ ಔಷಧದ ಪೇಟೆಂಟ್ ನಿರಾಕರಿಸಿದ್ದು ಆ ಕಲಮಿನ ಆಧಾರದ ಮೇಲೆಯೇ. ಕಮ್ಯುನಿಸ್ಟ್ ಸಂಸದರು ಬಂಡವಾಳಶಾಹಿಯ ಕಾಯಿದೆಯೊಂದನ್ನು ತಿದ್ದಿದ್ದರ ಲಾಭವನ್ನು ಇಂದು ಔಷಧದ ಅಂಗಡಿಯ ಮುಂದೆ ನಿಂತವರು ಪಡೆಯುತ್ತಿದ್ದಾರೆ.